ಬೇರೆ ಯಾವ ಸಂಶಯವೂ ಇರುವುದಿಲ್ಲ

ಠಾಣೆಯ ಪಡಸಾಲೆಯಲ್ಲಿ ಒಂದು ಉದ್ದನೆಯ ಬೆಂಚು. ಉಳಿದ ಜಾಗವೆಲ್ಲ ಬೇರೆ ಯಾರದೋ ಎಂಬಂತೆ ಅದರ ತುದಿಯಲ್ಲಿ ಮುದುಡಿ ಕುಳಿತ ಒಬ್ಬ ಹೆಂಗಸು. ತೊಡೆಯ ಮೇಲೆ ಮಡಚಿದ ಕೊಡೆ. ಕೊಡೆಯಿಂದ ಇಳಿದ ನೀರು ಕಾವಿ ನೆಲದ ಮೇಲೆ ಒಂದು ಗೇಣು ಹರಿದು, ಮುಂದೆ ಹೋಗಲು ಮನಸ್ಸಿಲ್ಲದೆ ನಿಂತಿದೆ. ಅವಳ ಎದುರಿಗೆ ಮೇಜು. ಮೇಜಿನ ಮೇಲೆ ಬಿಳಿಯ ಹಾಳೆ. ಹಾಳೆಯಲ್ಲಿ ನೀಲಿ ಶಾಯಿಯ ಹತ್ತೊಂಬತ್ತು ಸಾಲು, ಒಂದೂ ಬಾಗಿಲ್ಲ. ಸಾಲುಗಳ ಕೆಳಗೆ, ಬಲಬದಿಗೆ, ಎರಡು ಬೆರಳಗಲದ ಖಾಲಿ ಜಾಗ. ಹೆಂಗಸಿನ ಕೈಯಲ್ಲಿ ಪೆನ್ನು. ಪೆನ್ನಿನ ಮೊನೆ ಕಾಗದಕ್ಕೆ ಇನ್ನೂ ತಾಗಿಲ್ಲ. ಬಾಗಿಲ ಬಳಿ ಬಿಳಿ ಅಂಗಿಯ ಗಂಡಸೊಬ್ಬ ಕೈಕಟ್ಟಿ ನಿಂತಿದ್ದಾನೆ. ಆಚೆ ಆಷಾಢದ ಮಳೆ ಆಗಷ್ಟೇ ಬಿಟ್ಟು, ಹೆದ್ದಾರಿ ಬೂದಿಬಣ್ಣದಲ್ಲಿ ಹೊಳೆಯುತ್ತಿದೆ. ಗಡಿಯಾರದಲ್ಲಿ ಮೂರೂ ಹತ್ತು.

ಎಂಟು ತಿಂಗಳು ಕಳೆದ ಮೇಲೂ ಹೆಡ್ ಕಾನ್‌ಸ್ಟೇಬಲ್ ನಿತ್ಯಾನಂದ ನಾಯ್ಕನ ಕಣ್ಣಿಗೆ ಕಟ್ಟುತ್ತಿದ್ದುದು ಈ ಚಿತ್ರವೇ. ಚಿತ್ರದೊಳಗೆ ಅವನಿರಲಿಲ್ಲ. ಅವನು ಮೇಜಿನ ಈಚೆ ಬದಿಯವನು, ಆ ಹತ್ತೊಂಬತ್ತು ಸಾಲುಗಳನ್ನು ಬರೆದವನು.

ಠಾಣೆಯಲ್ಲಿ ಅವನು ರೈಟರ್. ಜನ ಅಳುತ್ತ, ತೊದಲುತ್ತ, ನಡುವೆ ಮೂಗು ಸೀಟುತ್ತ ಹೇಳಿದ್ದನ್ನು ಸರಕಾರಕ್ಕೆ ಅರ್ಥವಾಗುವಂತೆ ಬರೆದುಕೊಡುವುದು ಮೂವತ್ತೊಂದು ವರ್ಷಗಳ ಅವನ ಉದ್ಯೋಗ. 'ನನ್ನ ತಮ್ಮ' ಎಂದು ಅವರು ಹೇಳಿದರೆ 'ಸದರಿ ಮೃತನು' ಎಂದು ಅವನು ಬರೆಯುತ್ತಿದ್ದ. ಹೊನ್ನಾವರದಿಂದ ಭಟ್ಕಳದವರೆಗೆ ಅವನ ಅಕ್ಷರವನ್ನು ಮೆಚ್ಚದ ಗುಮಾಸ್ತರಿರಲಿಲ್ಲ.

ಆ ದಿನ ಸತ್ತವನು ರಾಮ. ಮೂವತ್ತನಾಲ್ಕು ವರ್ಷ, ಮದುವೆಯಾಗಿರಲಿಲ್ಲ. ಬೆಂಚಿನ ತುದಿಯಲ್ಲಿ ಕುಳಿತವಳು ಅವನ ಅಕ್ಕ ದುರ್ಗಮ್ಮ. ಕಾಯ್ಕಿಣಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು, ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ನಿತ್ಯಾನಂದನೂ ಕಾಯ್ಕಿಣಿಯಲ್ಲೇ ಹುಟ್ಟಿದವನು. ಪೊಲೀಸು ಅಂಗಿ ಕಂಡರೆ ಬೇಲಿ ದಾಟುವ ಅವರ ಕೇರಿಯಲ್ಲಿ, ಅವನಿಗೆ ಮಾತ್ರ 'ನಿತ್ಯಣ್ಣ' ಎಂಬ ಹೆಸರು ಉಳಿದಿತ್ತು. ಬಾಗಿಲ ಬಳಿ ಕೈಕಟ್ಟಿ ನಿಂತಿದ್ದವನು ದಿನಕರ. ಶರಾವತಿಯಲ್ಲಿ ನಾಲ್ಕು ದೋಣಿಗಳ ಒಡೆಯ. ರಾಮ ಅವನ ಕೈಕೆಳಗೆ ಕೆಲಸಕ್ಕಿದ್ದ. ಬೆಳಿಗ್ಗೆ ರಾಮ ಒಬ್ಬನೇ ಹೊಳೆಯಂಚಿನ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸಲು ಹೋಗಿದ್ದನೆಂದೂ, ಕಾಲು ಜಾರಿ ಆಳಕ್ಕೆ ಬಿದ್ದನೆಂದೂ ದುರ್ಗಮ್ಮನಿಗೆ ಹೇಳಿದವನು ದಿನಕರನೇ. ಅವಳು ಅದನ್ನೇ ನಿತ್ಯಾನಂದನಿಗೆ ಹೇಳಿದಳು.

ಹದಿನೆಂಟು ಸಾಲು ಮುಗಿದಿತ್ತು. ಹತ್ತೊಂಬತ್ತನೆಯದನ್ನು ಅವಳು ಹೇಳಿರಲಿಲ್ಲ. ಅದನ್ನು ಯಾರೂ ಹೇಳುವುದಿಲ್ಲ. ಆದರೂ ನೀರಲ್ಲಿ ಸತ್ತವರ, ಮರದಿಂದ ಬಿದ್ದವರ, ಹಾವು ಕಡಿದವರ ಪ್ರತಿಯೊಂದು ಫಿರ್ಯಾದಿಯ ಕೊನೆಯಲ್ಲೂ ಅದು ಇರುತ್ತದೆ. 'ಸದರಿ ಮೃತನ ಮರಣದಲ್ಲಿ ಬೇರೆ ಯಾವ ಸಂಶಯವೂ ಇರುವುದಿಲ್ಲ.' ನಿತ್ಯಾನಂದನ ಕೈ ಆ ಸಾಲನ್ನು ತಾನಾಗಿಯೇ ಬರೆಯಿತು. ಕೈಯ ಹಿಂದೆ ಕರುಣೆಯೂ ಇತ್ತೆಂದು ಅವನು ನಂಬಿದ್ದ. ಆ ಸಾಲಿದ್ದರೆ ಸಂಜೆಯೊಳಗೆ ಹೆಣ ಕೈಗೆ ಬರುತ್ತದೆ. ಇಲ್ಲದಿದ್ದರೆ ಹೆಚ್ಚಿನ ಪರೀಕ್ಷೆಗೆಂದು ದೂರದ ದೊಡ್ಡ ಆಸ್ಪತ್ರೆಗೆ ಹೋಗುತ್ತದೆ, ಎರಡು ದಿನ ಮಳೆಯಲ್ಲಿ ಕಾಯಬೇಕಾಗುತ್ತದೆ. ಮಳೆಗಾಲದಲ್ಲಿ ದಿನಕರನ ದೋಣಿಗಳು ಕದ್ದು ಏನು ಮಾಡುತ್ತವೆಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಕೇಳದಿರುವುದು ಠಾಣೆಯಲ್ಲಿ ಬೇಗ ಕೈಗೂಡುವ ವಿದ್ಯೆ.

ಅವನು ಹತ್ತೊಂಬತ್ತೂ ಸಾಲುಗಳನ್ನು ನಿಧಾನವಾಗಿ ಓದಿ ಹೇಳಿದ.

"ಆತು," ಎಂದಳು ದುರ್ಗಮ್ಮ. ಖಾಲಿ ಬಿಟ್ಟ ಜಾಗದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು.

ಆ ಮಾತಿಗೆ ಈ ಕರಾವಳಿಯಲ್ಲಿ ಅರ್ಥ ಒಂದಲ್ಲ. ಉಂಡು ಮುಗಿಸಿದರೂ ಆತು, ಜಗಳ ಸಾಕಾದರೂ ಆತು. ಒಪ್ಪಿದವನೂ ಹಾಗೇ ಹೇಳುತ್ತಾನೆ, ಸೋತವನೂ ಹಾಗೇ ಹೇಳುತ್ತಾನೆ. ಅವಳು ಯಾವ ಅರ್ಥದಲ್ಲಿ ಹೇಳಿದಳೆಂದು ನಿತ್ಯಾನಂದ ಯೋಚಿಸಬೇಕಾಗಿರಲಿಲ್ಲ. ಓದಿದ್ದು ಸಾಕು, ನನ್ನ ತಮ್ಮನನ್ನು ಕೊಡು ಎಂದು ಅದರ ಅರ್ಥ.

ಹನ್ನೆರಡನೆಯ ದಿನದ ಕಾರ್ಯ ಮುಗಿಸಿ, ಮರುದಿನವೇ ದುರ್ಗಮ್ಮ ಠಾಣೆಗೆ ಬಂದಳು. ಈ ಸಲ ಬೆಂಚಿನ ಮೇಲೆ ಕೂರಲಿಲ್ಲ.

"ನಿತ್ಯಣ್ಣ, ಅವ್ನ ಮೀಯ್ಸಿದ್ದು ನಾನು. ಕಿವಿಯೊಳ್ಗೆ, ತಲೆಕೂದ್ಲೊಳ್ಗೆ ಎಲ್ಲಾ ಮರಳು. ದಪ್ಪ ಮರಳು, ತೊಳೆದಿಟ್ಟ ಹಂಗೆ."

"ಹೊಳೆ ಅಂದ್ಮೇಲೆ ಮರಳು ಇರೂದೇ ತಂಗಿ."

"ಬಳಚಿಗೆ ಹೋದವ್ನ ಮೈಯಲ್ಲಿ ಕಪ್ಪು ಕೆಸರು ಇರ್ತದೆ. ನೀನೂ ಸಣ್ಣಕ್ಕಿರೋವಾಗ ಬಳಚು ಆರ್ಸಿದವ್ನೇ ಅಲ್ದಾ? ಆ ಮರಳು ಸಿಗೂದು ನಡು ಹೊಳೆಯಲ್ಲಿ. ಕದ್ದು ಮರಳು ತೆಗೀಲಿಕ್ಕೆ ಅಲ್ಲಿ ಅವ್ನ ಮುಳುಗ್ಸಿದ್ದು ಯಾರು? ಮುಳುಗಿದವ ಮೇಲೆ ಬರ್ಲಿಲ್ಲ ಅಂತಾದ್ರೆ ದಡದಲ್ಲಿ ತಂದು ಮಲಗ್ಸಿದ್ದು ಯಾರು?"

ನಿತ್ಯಾನಂದ ಅವಳನ್ನು ಇನ್‌ಸ್ಪೆಕ್ಟರ್ ರಮಾಕಾಂತರ ಕೋಣೆಗೆ ಕರೆದೊಯ್ದ. ರಮಾಕಾಂತರು ಒರಟರಲ್ಲ. ಕುರ್ಚಿ ತೋರಿಸಿದರು, ಪೂರ್ತಿ ಕೇಳಿದರು, ಆಮೇಲೆ ಕಡತ ತರಿಸಿ ಹತ್ತೊಂಬತ್ತನೆಯ ಸಾಲಿನ ಕೆಳಗೆ ಬೆರಳಿಟ್ಟರು.

"ಇದು ನಿಮ್ಮ ಸೈ ಹೌದಾ ಅಮ್ಮಾ?"

"ಸೈ ನಂದು. ಮಾತು ನಂದಲ್ಲ."

"ಅವತ್ತು ಸಂಶಯ ಇಲ್ಲ, ಇವತ್ತು ಇದೆ. ನಡುವೆ ಯಾರು ಬಂದು ಹೇಳಿಕೊಟ್ರು? ಕುಮಟಾದ ವಕೀಲರಾ, ದಿನಕರನ ಎದುರಾಳಿಗಳಾ?"

"ಹೇಳ್ಕೊಟ್ಟದ್ದು ಮರಳು," ಎಂದಳು ದುರ್ಗಮ್ಮ. "ಅದ್ಕೆ ನಿಮ್ಮ ಠಾಣೆಯಲ್ಲಿ ಬಾಯಿಲ್ಲ."

ವಕೀಲರ ಹತ್ತಿರ ಅವಳು ಹೋಗಿದ್ದು ಆಮೇಲೆ. ಕುಮಟಾದಲ್ಲಿ ವಿನುತಾ ಎಂಬ ವಕೀಲೆ ಅರ್ಜಿ ಬರೆದುಕೊಟ್ಟಳು. ಅರ್ಜಿ ಮೇಲಕ್ಕೆ ಹೋಗಿ, ಅಲ್ಲಲ್ಲಿ ತಂಗಿ, ಫಾಲ್ಗುಣದ ಹೊತ್ತಿಗೆ ಉತ್ತರ ಬಂತು. ಹೊರಗಿನ ಅಧಿಕಾರಿಯೊಬ್ಬರು ಕುಮಟಾದಲ್ಲಿ ವಿಚಾರಣೆ ನಡೆಸುತ್ತಾರೆ. ವಿಚಾರಣೆಗಿದ್ದ ಪ್ರಶ್ನೆ ಒಂದೇ. ಆ ಕೊನೆಯ ಸಾಲು ಫಿರ್ಯಾದಿಯವಳ ಮಾತೋ, ಬರೆದವನ ಮಾತೋ? ಬರೆದವನದೆಂದಾದರೆ ರಾಮನ ಸಾವಿನ ತನಿಖೆ ಮೊದಲಿನಿಂದ ಆಗುತ್ತದೆ. ಅವಳದೇ ಎಂದಾದರೆ ಕಡತ ಶಾಶ್ವತವಾಗಿ ಮುಚ್ಚುತ್ತದೆ.

ವಿಚಾರಣೆಯ ಹಿಂದಿನ ದಿನ ರಮಾಕಾಂತರು ನಿತ್ಯಾನಂದನನ್ನು ಒಳಗೆ ಕರೆದು, ಚಹಾ ತರಿಸಿದರು.

"ನಾಯ್ಕ್ರೆ, ನಿಮಗೆ ಸುಳ್ಳು ಹೇಳಿ ಅಂತ ನಾನು ಹೇಳೋದಿಲ್ಲ. ಆದ್ರೆ ಒಂದು ಯೋಚನೆ ಮಾಡಿ. ಈ ಸಾಲು ನಾನಾಗೇ ಬರೆದೆ ಅಂತ ನೀವು ಅಂದ್ರೆ, ಮತ್ತೆ ತೆಗೆದು ನೋಡೋದು ಈ ಒಂದು ಕಾಗದ ಅಲ್ಲ. ಮೂವತ್ತೊಂದು ವರ್ಷ ನೀವು ಬರೆದ ಕಾಗದ ಅಷ್ಟೂ. ಮೇ ಕೊನೆಗೆ ನಿವೃತ್ತಿ ಅಲ್ವಾ ನಿಮ್ಮದು?"

ಆ ರಾತ್ರಿ ನಿತ್ಯಾನಂದ ಎಣಿಸಲು ಹೋದ. ಆ ಸಾಲಿನ ಕೆಳಗೆ ಎಷ್ಟು ಜನ ಸಹಿ ಹಾಕಿದ್ದರು? ಎಷ್ಟು ಜನ ಹೆಬ್ಬೆಟ್ಟು ಒತ್ತಿದ್ದರು? ಮುಖಗಳು ಬರುತ್ತಿದ್ದವು, ಸಂಖ್ಯೆ ಬರುತ್ತಿರಲಿಲ್ಲ. ಅವರಲ್ಲಿ ಯಾರ ಮನಸ್ಸಿನಲ್ಲಿ ಸಂಶಯವಿತ್ತು, ಯಾರಲ್ಲಿ ಇರಲಿಲ್ಲ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಅಪ್ಸರಕೊಂಡ ಕ್ರಾಸಿನಲ್ಲಿ ಬಸ್ಸು ಹತ್ತಿದ. ಕಿಟಕಿಯ ಪಕ್ಕದಲ್ಲಿ ದುರ್ಗಮ್ಮ ಕುಳಿತಿದ್ದಳು. ಹಿಂದಕ್ಕೆ ಸರಿದುಹೋಗೋಣವೆಂದುಕೊಂಡ, ಅಷ್ಟರಲ್ಲಿ ಅವಳೇ ಸೆರಗು ಎಳೆದುಕೊಂಡು ಜಾಗ ಬಿಟ್ಟಳು.

"ಬಾ, ಕೂತ್ಕೋ ನಿತ್ಯಣ್ಣ. ಪೊಲೀಸ್ರು ಪಕ್ಕ ಕೂತ್ರೆ ನನ್ನ ಹಿಡ್ಕಂಡು ಹೋಗೂದು ಅಂತ ಜನ ತಿಳೀಲಿ, ಅಡ್ಡಿಲ್ಲ."

ಅವನು ನಗಲು ನೋಡಿದ. "ಶಾಲೆಗೆ ರಜೆ ಹಾಕಿದ್ಯಾ?"

"ಜೊತೆಗೆ ಅಡುಗೆ ಮಾಡೂ ಮಾದಿಗೆ ಹೇಳಿ ಬಂದೆ. ಅವ್ಳು ಸಾರಿಗೆ ಉಪ್ಪು ಜಾಸ್ತಿ ಹಾಕ್ತು. ಮಕ್ಳು ಇವತ್ತು ನೀರು ಕುಡ್ದೇ ಹೊಟ್ಟೆ ತುಂಬ್ಸ್ಕಂತ್ರು."

ಬಸ್ಸು ಸೇತುವೆಯ ಮೇಲೆ ಬಂತು. ಕೆಳಗೆ ಶರಾವತಿ, ಬಿಸಿಲಿಗೆ ಮೈಯೊಡ್ಡಿ, ಒಳಗಿದ್ದುದನ್ನು ತೋರದೆ ಮಲಗಿತ್ತು. ದುರ್ಗಮ್ಮ ಹೊರಗೆ ನೋಡಲಿಲ್ಲ. ಸೇತುವೆ ದಾಟುವವರೆಗೂ ಎದುರಿನ ಸೀಟಿನ ಬೆನ್ನನ್ನೇ ನೋಡುತ್ತಿದ್ದಳು.

"ವಿನುತಾ ವಕೀಲ್ರು ಹೇಳಿದ್ರು, ಪೊಲೀಸ್ರು ಪೊಲೀಸ್ರನ್ನ ಬಿಟ್ಟು ಕೊಡೂದಿಲ್ಲ, ಆಸೆ ಇಟ್ಕಣ್ಬೇಡ ಅಂತ. ನಾ ಹೇಳ್ದೆ, ಅವ ಪೊಲೀಸ್ ಆಗೂದ್ಕಿಂತ ಮೊದ್ಲು ಕಾಯ್ಕಿಣಿಯವ. ತಪ್ಪು ಹೇಳಿದ್ನಾ?"

ನಿತ್ಯಾನಂದ ತೊಡೆಯ ಮೇಲಿದ್ದ ಟೋಪಿಯ ಅಂಚನ್ನು ಸವರಿದ.

"ಇದ್ದದ್ದನ್ನ ಇದ್ದ ಹಂಗೇ ಹೇಳ್ತೆ ತಂಗಿ."

"ಅಷ್ಟೇ ಸಾಕು. ಹೆಚ್ಚು ಬೇಡ ನಂಗೆ," ಎಂದಳು. ಹಳದೀಪುರ ದಾಟಿ ಕುಮಟಾ ಬರುವವರೆಗೆ ಕಿಟಕಿಯಾಚೆ ನೋಡುತ್ತ ಕುಳಿತಳು. ಅವಳ ಮುಖ ಹಗುರವಾಗಿತ್ತು. ಅದನ್ನು ನೋಡದಿರಲು ಅವನು ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ಕುಳಿತ.

ಸರಕಾರಿ ಕಟ್ಟಡವೊಂದರ ಮೇಲಂತಸ್ತಿನಲ್ಲಿ ವಿಚಾರಣೆ. ಅಧಿಕಾರಿ ಬಯಲುಸೀಮೆಯ ಕಡೆಯ ಹೆಂಗಸು. ನಲವತ್ತರ ಆಸುಪಾಸು, ಕನ್ನಡಕ, ಗಡಿಬಿಡಿಯಿಲ್ಲದ ಮಾತು. ದುರ್ಗಮ್ಮನಿಗೆ ಮೊದಲು ನೀರು ಕೊಡಿಸಿದರು. ಪಕ್ಕದಲ್ಲಿ ಕಂಪ್ಯೂಟರಿನ ಎದುರು ಒಬ್ಬ ಬೆರಳಚ್ಚುಗಾರ. ಇವರು ಸತ್ಯವನ್ನೇ ಹುಡುಕುವವರೆಂದು ನಿತ್ಯಾನಂದನಿಗೆ ಒಂದು ನೋಟಕ್ಕೇ ತಿಳಿಯಿತು. ತಿಳಿದು, ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡು ಕುಳಿತ.

"ನಾಯ್ಕ್, ಈ ಕಡೇ ಸಾಲನ್ನ ಫಿರ್ಯಾದಿದಾರಳಿಗೆ ಓದಿ ಹೇಳಿದ್ರಾ?"

"ಹೇಳ್ದೆ ಮೇಡಂ. ಪೂರ್ತಿ ಓದಿ ಹೇಳ್ದೆ."

"ಅದಕ್ಕೆ ಅವರು ಏನಂದ್ರು?"

"ಆತು ಅಂದ್ರು ಮೇಡಂ."

ಅಧಿಕಾರಿ ದುರ್ಗಮ್ಮನ ಕಡೆ ತಿರುಗಿದರು. "ಹಾಗಂದದ್ದು ನಿಜವೇನಮ್ಮ?"

"ಅಂದೆ," ಎಂದಳು ದುರ್ಗಮ್ಮ. ಅವಳ ದನಿಯಲ್ಲಿ ಅಳುಕಿರಲಿಲ್ಲ. ನಿತ್ಯಾನಂದನ ಮಾತು ಇನ್ನೂ ಮುಗಿದಿಲ್ಲವೆಂದೂ, ಉಳಿದರ್ಧವನ್ನು ಈಗ ಹೇಳುತ್ತಾನೆಂದೂ ತಿಳಿದು, ಅವನ ಮುಖ ನೋಡುತ್ತ ಕಾದಳು.

ಅಧಿಕಾರಿಯೂ ಅವನನ್ನೇ ನೋಡಿದರು. "ನಾನು ಈ ಕಡೆಯವಳಲ್ಲ. ನಿಮ್ಮಲ್ಲಿ ಆತು ಅಂದ್ರೆ 'ಆಯ್ತು, ಒಪ್ಪಿದೆ' ಅಂತ ತಾನೇ?"

ಪ್ರಶ್ನೆ ಇಷ್ಟು ಸಣ್ಣದಾಗಿ ಬರುತ್ತದೆಂದು ಅವನು ಎಣಿಸಿರಲಿಲ್ಲ. ಸುಳ್ಳು ಹೇಳಬೇಕಾದ ಘಳಿಗೆ ಬಂದರೆ ನಾಲಿಗೆ ತಡೆಯುತ್ತದೆ, ಆಗ ಸತ್ಯ ತಾನಾಗಿ ಬೀಳುತ್ತದೆ ಎಂದು ಒಳಗೊಳಗೇ ನೆಚ್ಚಿಕೊಂಡಿದ್ದ. ಸುಳ್ಳು ಬೇಕಾಗಲೇ ಇಲ್ಲ.

"ಹಾಗೂ ಆಗ್ತದೆ ಮೇಡಂ," ಎಂದ.

ಬೆರಳಚ್ಚುಗಾರನ ಬೆರಳುಗಳು ಆಡಿದವು. ಪರದೆ ನಿತ್ಯಾನಂದನಿಗೆ ಕಾಣುತ್ತಿತ್ತು. 'ಓದಿ ಹೇಳಿದ್ದನ್ನು ಸದರಿ ಫಿರ್ಯಾದಿದಾರಳು ಒಪ್ಪಿಕೊಂಡಿರುತ್ತಾಳೆ.' ಅವನ 'ಹಾಗೂ' ಎಂಬ ಮಾತು ಎಲ್ಲೂ ಇರಲಿಲ್ಲ. ತಾನೇ ಬರೆದಿದ್ದರೂ ಅದನ್ನು ಬಿಟ್ಟೇ ಬರೆಯುತ್ತಿದ್ದೆನೆಂದು ಅವನಿಗೆ ಗೊತ್ತಿತ್ತು.

ದುರ್ಗಮ್ಮ ಇನ್ನೂ ಅವನನ್ನೇ ನೋಡುತ್ತಿದ್ದಳು. ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ನೀವು ಏನಾದ್ರೂ ಹೇಳೋದಿದೆಯೇನಮ್ಮ?" ಅಧಿಕಾರಿ ಕೇಳಿದರು, ಕೇಳಿ, ಆತುರಪಡದೆ ಕಾದರು.

"ಎಂತ ಹೇಳೂದು ಮೇಡಂ? ಅವ್ರು ಸುಳ್ಳು ಹೇಳಿದ್ರೆ ಸುಳ್ಳು ಅಂತ ಕೂಗ್ಬಹುದಾಗಿತ್ತು. ಒಂದು ಮಾತೂ ಸುಳ್ಳು ಹೇಳ್ಲಿಲ್ಲ."

'ಅವ' ಎಂಬುದು 'ಅವ್ರು' ಆದದ್ದನ್ನು ಆ ಕೋಣೆಯಲ್ಲಿ ಗಮನಿಸಿದವನು ನಿತ್ಯಾನಂದನೊಬ್ಬನೇ.

ಹಾಳೆ ಹೊರಬಂತು. ಸಹಿಗೆಂದು ಅವಳ ಮುಂದಿಟ್ಟರು. ಅವಳು ಅದನ್ನು ಬೆಳಕಿಗೆ ತಿರುಗಿಸಿಕೊಂಡು, ಪ್ರತಿ ಅಕ್ಷರದ ಕೆಳಗೆ ಬೆರಳು ಸರಿಸುತ್ತ, ತುಟಿಯಲ್ಲೇ ಕೂಡಿಸಿ ಓದತೊಡಗಿದಳು. ಎರಡು ಪುಟ. ಬೆರಳಚ್ಚುಗಾರ ಗಡಿಯಾರ ನೋಡಿದ. ಅಧಿಕಾರಿ ಅವನಿಗೆ ಸುಮ್ಮನಿರುವಂತೆ ಕೈಸನ್ನೆ ಮಾಡಿದರು. ಕಾಲು ಗಂಟೆಯಾದರೂ ಹಿಡಿದಿರಬೇಕು. ಕೊನೆಯ ಸಾಲಿಗೆ ಬಂದು ಬೆರಳು ನಿಂತಿತು.

"ಸೈ ಹಾಕೂದಿಲ್ಲ," ಎಂದಳು.

"ಹಾಕದಿದ್ರೆ, ಓದಿಕೊಂಡು ಸಹಿ ಮಾಡಲು ನಿರಾಕರಿಸಿದ್ದಾರೆ ಅಂತ ಬರೀಬೇಕಾಗ್ತದಮ್ಮ. ನಿಮಗೆ ಅದರಿಂದ ಅನುಕೂಲ ಏನೂ ಇಲ್ಲ."

"ಬರೀರಿ ಮೇಡಂ. ಅದೊಂದಾದ್ರೂ ನಾ ಹೇಳಿದ್ದೇ ಬರ್ದ ಹಂಗೆ ಆಗ್ತದೆ."

ಅಧಿಕಾರಿ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಏನೋ ಕೈತಪ್ಪಿ ಹೋಯಿತೆಂಬುದು ಅವರಿಗೆ ಹೊಳೆದಂತಿತ್ತು, ಏನೆಂದು ಹೊಳೆಯಲಿಲ್ಲ. ಒಮ್ಮೆ ನಿತ್ಯಾನಂದನತ್ತ ದೃಷ್ಟಿ ಹಾಯಿಸಿದರು. ಈಗಲೂ ಹೇಳಬಹುದಾಗಿತ್ತು. ಅವನು ಎದ್ದು ನಿಂತ. ಎದ್ದದ್ದು ಹೇಳುವುದಕ್ಕೇ ಎಂದು ಆಮೇಲೆ ಎಷ್ಟೋ ದಿನ ತನಗೆ ತಾನೇ ನಂಬಿಸಿಕೊಂಡ. ಆದರೆ ನಿಂತವನ ಕೈ ಮೂವತ್ತೊಂದು ವರ್ಷದ ರೂಢಿಯಂತೆ ಹಣೆಗೆ ಹೋಗಿ ಸೆಲ್ಯೂಟು ಹೊಡೆಯಿತು. ಅವರು ತಲೆಯಾಡಿಸಿ ಕಡತ ಮಡಚಿದರು.

ದುರ್ಗಮ್ಮ ಚೀಲ ಹೆಗಲಿಗೆ ಹಾಕಿಕೊಂಡಳು. ಎರಡು ಕುರ್ಚಿಗಳ ನಡುವಿನ ಇಕ್ಕಟ್ಟಿನಲ್ಲಿ ನಿತ್ಯಾನಂದ ಅಡ್ಡ ನಿಂತಿದ್ದ.

"ತಂಗಿ," ಎಂದ, ಅವಳಿಗಷ್ಟೇ ಕೇಳುವಂತೆ. "ಬಸ್ಸಿಗೆ ನಾನೂ..."

"ದಾರಿ ಬಿಡ್ತ್ರಾ ಸಾಹೇಬ್ರೆ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಕೇರಿಯ ಉಳಿದವರು ಯಾವ ಪೊಲೀಸನಿಗಾದರೂ ಕೊಡುವ ಮರ್ಯಾದೆ ಅದರಲ್ಲಿ ಪೂರ್ತಿಯಾಗಿತ್ತು.

ಅವನು ಗೋಡೆಗೆ ಸರಿದ. ಅವಳು ಹೋದಳು. ಸ್ಪ್ರಿಂಗು ಹಾಕಿದ ಬಾಗಿಲು ಒಮ್ಮೆ ಹೊರಗಿನ ಬಿಸಿಲನ್ನು ತೋರಿಸಿ, ಅವಳ ಹಿಂದೆ ಮುಚ್ಚಿಕೊಂಡಿತು.