ಮೂರು ಹತ್ತರ ಕರೆ

ಟೆಲಿಫೋನ್ ಫಲಕದ ಮೇಲಿನ ಏಳನೆಯ ದೀಪ ಹಸಿರಾಗಿ ಮಿನುಗಿದಾಗ ಫೋನಕ್ಕ ಗಡಿಯಾರದ ಕಡೆ ತಿರುಗಲಿಲ್ಲ. ತಿರುಗಬೇಕಾಗಿಯೂ ಇರಲಿಲ್ಲ. ಎರಡು ವಾರಗಳಿಂದ ಆ ದೀಪ ಮಧ್ಯಾಹ್ನ ಮೂರು ಹತ್ತಕ್ಕೇ ಹೊತ್ತಿಕೊಳ್ಳುತ್ತಿತ್ತು. ಅವಳು ಹೆಡ್‌ಸೆಟ್ಟನ್ನು ಕಿವಿಗೆ ಸರಿಯಾಗಿ ಕೂರಿಸಿಕೊಂಡು ಗುಂಡಿ ಒತ್ತಿ, "ನಮಸ್ಕಾರ, ಆಸ್ಪತ್ರೆ" ಎಂದಳು.

ಮಾತು ಬರಲಿಲ್ಲ, ಉಸಿರು ಬಂತು. ಒಳಗೆಳೆದುಕೊಳ್ಳುವಾಗ ಎಲ್ಲೋ ತಡೆದು, ಹೊರಗೆ ಬಿಡುವಾಗ ಸಣ್ಣಗೆ ಸೀಟಿ ಹಾಕುವ ಉಸಿರು. ಅದರ ಹಿಂದೆ, ಗಟ್ಟಿಯಾದ ಏನನ್ನೋ ಮರಕ್ಕೆ ಬಡಿದಂತೆ, ಟಕ್ ಎಂಬ ಸದ್ದು. ಸ್ವಲ್ಪ ಬಿಟ್ಟು ಇನ್ನೊಂದು ಟಕ್. ಕಾಯುತ್ತಾ ಕುಳಿತವರು ಮಾಡುವ ಸದ್ದು.

ಫೋನಕ್ಕನ ಮುಂಗೈಯ ರೋಮ ನಿಮಿರಿತು. ಆದರೂ ಅವಳು ಕಣ್ಣು ಮುಚ್ಚಿ, ತಗ್ಗಿದ ದನಿಯಲ್ಲಿ, ದಿನವೂ ಹೇಳುವುದನ್ನೇ ಹೇಳಿದಳು. "ಕರ್ತನೇ, ಈ ಗಳಿಗೇಲೂ ನೀನಿದ್ದೀಯ. ಕಾಣದೆ ಹೋದ್ರೂ ಇದ್ದೀಯ." ಇಲ್ಲಿ ಗಂಟಲು ಸರಿಮಾಡಿಕೊಳ್ಳುವುದು ಅವಳ ಅಭ್ಯಾಸ, ಮಾಡಿಕೊಂಡಳು. "ಈ ಕಡೆ ಇರೋರನ್ನ, ಆ ಕಡೆ ಇರೋರನ್ನ ಕೈಬಿಡಬೇಡ. ಆಮೆನ್."

ಆಮೆನ್ ಎಂದೊಡನೆ ಆಚೆ ಕಡೆಯ ಫೋನು ಕೆಳಗಿಳಿಯಿತು.

ಅವಳ ಕೋಣೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಒಂದು ಗೋಡೆಯಾಚೆ ಹಾಸಿಗೆ ಬಟ್ಟೆಗಳ ಉಗ್ರಾಣ, ಇನ್ನೊಂದರಾಚೆ ಲಿಫ್ಟಿನ ಬಾವಿ. ಕಿಟಕಿ ಇರಲಿಲ್ಲ. ಲಿಫ್ಟು ಇಳಿಯುವಾಗಲೆಲ್ಲ ಗೋಡೆ ಮೆಲ್ಲಗೆ ನಡುಗಿ, ಮೇಜಿನ ಮೇಲಿನ ನೀರಿನ ಲೋಟದಲ್ಲಿ ಉಂಗುರಗಳು ಏಳುತ್ತಿದ್ದವು. ಇಪ್ಪತ್ತಾರು ವರ್ಷ ಅಲ್ಲಿ ಕುಳಿತು ಅವಳು ಈ ಊರಿನ ಅರ್ಧ ಜನರ ಅಳುವನ್ನೂ ಸಿಟ್ಟನ್ನೂ ಕೇಳಿದ್ದಳು. ಮೇಲಿನ ಮಹಡಿಗಳವರು ಅವಳ ಮುಖಕ್ಕಿಂತ ದನಿಯನ್ನೇ ಚೆನ್ನಾಗಿ ಬಲ್ಲರು. ಫೋನಕ್ಕ ಎಂಬ ಹೆಸರಿಟ್ಟವರು ಯಾರೋ, ಈಗ ಅವಳ ಸ್ವಂತ ತಂಗಿಯೂ ತಮಾಷೆಗೆ ಹಾಗೇ ಕರೆಯುತ್ತಿದ್ದಳು.

ಮೂರು ಗಂಟೆಯ ನಂತರ ಕರೆಗಳು ಕಡಿಮೆ. ಆ ಬಿಡುವಿನಲ್ಲಿ ತನಗೆ ತಾನೇ ಆ ನಾಲ್ಕು ಮಾತಿನ ಪ್ರಾರ್ಥನೆ ಹೇಳಿಕೊಳ್ಳುವುದು ಅವಳ ಹಳೆಯ ರೂಢಿ. ಎರಡು ವಾರದ ಹಿಂದೆ ಪ್ರಾರ್ಥನೆ ಶುರುಮಾಡುವ ಹೊತ್ತಿಗೇ ಏಳನೆಯ ದೀಪ ಹೊತ್ತಿತು. ಕೈ ತನ್ನ ಪಾಡಿಗೆ ಗುಂಡಿ ಒತ್ತಿತು, ಬಾಯಿ ತನ್ನ ಪಾಡಿಗೆ ಪ್ರಾರ್ಥನೆ ಮುಗಿಸಿತು. ನಾಚಿಕೆಯಾಗಿ ಕ್ಷಮೆ ಕೇಳಹೊರಟರೆ ಆಚೆ ಬರೀ ಉಸಿರು. ಮರುದಿನ ಅದೇ ಹೊತ್ತಿಗೆ ಮತ್ತೆ ಕರೆ ಬಂತು. ಏನೂ ಹೇಳದೆ ಇಟ್ಟುಬಿಡಲು ಮನಸ್ಸಾಗಲಿಲ್ಲ. ಹೇಳಲು ಬೇರೇನೂ ತೋಚಲೂ ಇಲ್ಲ.

ಇನ್ನೊಂದು ಪಾಳಿಯ ಮೀಸೆಯಣ್ಣನಿಗೆ ಇದೆಲ್ಲ ಹಾಸ್ಯ. ಭಾನುವಾರ ಅವನು ಎತ್ತಿಕೊಂಡರೆ, ಗಂಡಸಿನ ದನಿ ಕೇಳಿದ್ದೇ ತಡ, ಆಚೆಯವರು ಇಟ್ಟುಬಿಡುತ್ತಿದ್ದರಂತೆ. ಫಲಕದಲ್ಲಿ ಮೂಡಿದ ನಂಬರಿಗೆ ಅವನು ತಿರುಗಿ ಮಾಡಿಯೂ ನೋಡಿದ್ದ. ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಶವಾಗಾರದ ಲೈನು ಕೂಡ ಇದಕ್ಕಿಂತ ಮಾತುಗಾರ ಅಂತ ಹೇಳಿ ನಕ್ಕ. ಫೋನಕ್ಕ ನಗಲಿಲ್ಲ. ಈಗಷ್ಟೇ ಕರೆ ಮಾಡಿದ ಮನೆಯಲ್ಲಿ ಫೋನು ಸುಮ್ಮನೆ ಹೊಡೆದುಕೊಳ್ಳುತ್ತಿರುವುದನ್ನು, ಅದರ ಪಕ್ಕದಲ್ಲೇ ಆ ಉಸಿರು ಕುಳಿತಿರುವುದನ್ನು ನೆನೆದು ಅವಳು ಫಲಕದಿಂದ ಕಣ್ಣು ತೆಗೆದಳು.

ಅವಳು ಯಾರಿಗೂ ಹೇಳದ ಮಾತೊಂದಿತ್ತು. ಆ ಮೊದಲ ಕರೆ ಬಂದ ದಿನವೇ ಬೆಳಿಗ್ಗೆ ತಂಗಿಯ ತಲೆಯ ಸ್ಕ್ಯಾನಿನ ವರದಿ ಬಂದಿತ್ತು. ಎಡಗಿವಿಯ ಮೇಲೆ, ತಲೆಬುರುಡೆಯ ಒಳಗೆ, ಅಡಿಕೆ ಗಾತ್ರದ ಗಂಟು. ಮದುವೆಯಾಗದ ಅಕ್ಕತಂಗಿಯರಿಬ್ಬರೂ ನಲವತ್ತೇಳು ವರ್ಷಗಳಿಂದ ಒಂದೇ ಸೂರಿನಡಿ ಇದ್ದವರು. ತಂಗಿ ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸುವವಳು, ಬಾಯಿಬಡುಕಿ, ಆಪರೇಷನ್ನಿನ ದಿನ ಗೊತ್ತಾದಾಗಲೂ ಸುಮ್ಮನಿರಲಿಲ್ಲ. "ಒಳಗೆ ಮೆದುಳು ಅಂತ ಏನಾದ್ರೂ ಸಿಕ್ಕಿದ್ರೆ ನನಗೂ ಒಂದು ಸಲ ತೋರಿಸಿ ಅಂತ ಡಾಕ್ಟರಿಗೆ ಹೇಳಿಟ್ಟಿದ್ದೀನಿ" ಅಂದಿದ್ದಳು.

ಫೋನಕ್ಕ ಮೊಣಕಾಲೂರಿ ಕೂತಳು. ದಿನವೂ ಕೂತಳು. ಆದರೆ ಲೈನಿನ ವಿಷಯ ಅವಳಿಗಿಂತ ಬಲ್ಲವರಾರು? ಹೋಲ್ಡಿನಲ್ಲಿಟ್ಟ ಮೌನ ಬೇರೆ, ಕತ್ತರಿಸಿಹೋದ ಮೌನ ಬೇರೆ, ಆಚೆ ಕಡೆ ಯಾರೋ ಇದ್ದು ಮಾತಾಡದೆ ಇರುವ ಮೌನ ಬೇರೆ. ತನ್ನ ಪ್ರಾರ್ಥನೆಯ ಆಚೆ ಕಡೆ ಈಗ ಇರುವುದು ಎರಡನೆಯದು ಎಂದು ಅವಳಿಗೆ ಅನ್ನಿಸತೊಡಗಿತ್ತು. ಚಿಕ್ಕಂದಿನಿಂದ ತಾನು ಒಂದು ದಿನವೂ ಬಿಡದೆ ಮಾತಾಡಿಸಿದ ದೇವರು ಸರಿಯಾದ ಹೊತ್ತಿಗೆ ಇಲ್ಲವಾಗಿದ್ದ. ಅದರ ಬದಲು ಮೂರು ಹತ್ತಕ್ಕೆ ಈ ಉಸಿರು ಬರುತ್ತಿತ್ತು. ಇದು ತಂಗಿಗಾಗಿ ಬಂದು ಕಾಯುತ್ತಿರುವ ಏನೋ ಎಂಬ ಯೋಚನೆ ಒಂದು ಸಲ ಹೊಕ್ಕಿತು. ಛೀ, ಮತಿಗೆಟ್ಟವಳೇ ಎಂದು ತನ್ನನ್ನೇ ಬೈದುಕೊಂಡಳು, ಆದರೂ ಅದು ಹೊರಗೆ ಹೋಗಲಿಲ್ಲ.

ಗುರುವಾರ ಅವಳು ಕರೆ ತೆಗೆದುಕೊಳ್ಳಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡಳು. ದೀಪ ಮಿನುಗಿತು. ಅವಳು ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದು ಕುಳಿತಳು. ಮೂರು ನಿಮಿಷ, ಐದು, ಒಂಬತ್ತು. ಹಸಿರು ಬೆಳಕು ನೀರಿನ ಲೋಟದಲ್ಲಿ ಬಿದ್ದು ಏಳುತ್ತಿತ್ತು. ಕೊನೆಗೆ ತಡೆಯಲಾರದೆ ಗುಂಡಿ ಒತ್ತಿದಳು. ಆಚೆಯ ಉಸಿರು ಓಡಿ ಬಂದವರಂತೆ ಏದುತ್ತಿತ್ತು. ಟಕ್ ಟಕ್ ಟಕ್ ಟಕ್ ಎಂದು ಬಡಿತ ಅವಸರದಲ್ಲಿತ್ತು. ಅವಳು ಹೆದರಿ, ತೊದಲುತ್ತಾ ಪ್ರಾರ್ಥನೆ ಹೇಳಿ ಮುಗಿಸಿದಳು. ಬಡಿತ ನಿಧಾನವಾಗಿ ಅವಳ ಮಾತಿನ ಜೊತೆ ಸೇರಿಕೊಂಡಿತು. ಒಂದು ಮಾತಿಗೆ ಒಂದು ಟಕ್. ಅದು ಮೊದಲಿಂದಲೂ ಹಾಗೇ ಇತ್ತೇನೋ, ಅವಳು ಅಂದೇ ಗಮನಿಸಿದ್ದು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ತಂಗಿಯನ್ನು ಒಳಗೆ ಕರೆದುಕೊಂಡು ಹೋದರು. ಬೋಳಿಸಿದ ತಲೆಗೆ ಹಸಿರು ಟೋಪಿ. ಬಾಗಿಲು ದಾಟುವಾಗ ಆ ಬಾಯಿಬಡುಕಿ ಒಂದು ಮಾತೂ ಆಡದೆ ಅಕ್ಕನ ಕಿರುಬೆರಳನ್ನು ಹಿಡಿದು ಬಿಟ್ಟಳು. ರಜೆ ಹಾಕಿ ಮೇಲೆಯೇ ಕೂತಿರು ಎಂದು ಎಲ್ಲರೂ ಹೇಳಿದರು. ಫೋನಕ್ಕ ನೆಲಮಾಳಿಗೆಗೆ ಇಳಿದಳು. ಆಪರೇಷನ್ ಕೋಣೆಯಿಂದ ಯಾವ ಸುದ್ದಿ ಬಂದರೂ ಹನ್ನೆರಡನೆಯ ದೀಪದಲ್ಲೇ ಬರಬೇಕು. ಮೇಲೆ ಬೆಂಚಿನ ಮೇಲೆ ಕೂತು ಬಾಗಿಲು ನೋಡುವುದಕ್ಕಿಂತ ಇದು ವಾಸಿ ಎನ್ನಿಸಿತ್ತು.

ಒಂದು ಗಂಟೆಗೆ ಮುಗಿಯುತ್ತದೆ ಎಂದಿದ್ದರು. ಎರಡಾಯಿತು. ಎರಡೂವರೆಗೆ ಬ್ಲಡ್ ಬ್ಯಾಂಕಿಗೆ ಲೈನು ಕೊಡಿ ಎಂದು ಹನ್ನೆರಡನೆಯ ದೀಪ ಕೇಳಿತು. ಅವಳು ಕೊಟ್ಟಳು. ಅದು ಕಲಿತ ಕೆಲಸ. ಮೂರಕ್ಕೆ ಕಣ್ಣು ಮುಚ್ಚಿ ಬಾಯಿ ತೆರೆದರೆ ಪ್ರಾರ್ಥನೆ ಬರಲಿಲ್ಲ. ಮರೆತಿರಲಿಲ್ಲ. ಮೊದಲ ಶಬ್ದ ನಾಲಗೆಯ ಮೇಲೇ ಇತ್ತು. ಆದರೆ ಅದನ್ನು ಎತ್ತಿ ಯಾರಿಗೆ ಕೊಡುವುದೆಂದು ತಿಳಿಯಲಿಲ್ಲ.

ಏಳನೆಯ ದೀಪ ಹೊತ್ತಿತು.

ಅವಳು ಒತ್ತಿದಳು. ನಮಸ್ಕಾರವನ್ನೂ ಹೇಳಲಿಲ್ಲ. ಈಚೆ ಕಡೆಯಿಂದ ಉಸಿರು, ಆಚೆ ಕಡೆಯಿಂದ ಉಸಿರು, ಅಷ್ಟೇ. ಲಿಫ್ಟು ಇಳಿದು ಗೋಡೆ ನಡುಗಿತು. ಒಂದು ನಿಮಿಷ ಹಾಗೇ ಕಳೆದಿರಬಹುದು. ಆಮೇಲೆ ಟಕ್ ಎಂದಿತು.

"ಕರ್... ತನೇ."

ಅದು ಮನುಷ್ಯರ ದನಿಯೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ದಪ್ಪ, ಒಣಗಿದ, ಮಣ್ಣೊಳಗಿಂದ ಎಳೆದು ತೆಗೆದಂಥ ದನಿ. ಟಕ್. "ಈ ಗಳಿಗೇಲೂ." ಟಕ್. "ನೀನಿದ್ದೀಯ." ಅವಳು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಳು. ಏರಿಳಿತ ಅವಳದು. ಎಲ್ಲಿ ಅವಳು ಎಳೆಯುತ್ತಿದ್ದಳೋ ಅಲ್ಲೇ ಎಳೆದು, ಎಲ್ಲಿ ಇಳಿಸುತ್ತಿದ್ದಳೋ ಅಲ್ಲೇ ಇಳಿಸಿ, ಅವಳದೇ ಮಾತು ಯಾವುದೋ ಬೇರೆ ಬಾಯಿಂದ ಬರುತ್ತಿತ್ತು. "ಕಾಣದೆ ಹೋದ್ರೂ ಇದ್ದೀಯ" ಎಂದ ಮೇಲೆ ಆ ದನಿ ನಿಂತು, ಹೆಂಗಸರಂತೆ ಮೆತ್ತಗೆ, ಗಂಟಲು ಸರಿಮಾಡಿಕೊಂಡಿತು.

ಕತ್ತರಿಸಿಬಿಡಬೇಕೆಂದು ಬೆರಳು ಗುಂಡಿಯ ಮೇಲೆ ಹೋಗಿ ಅಲ್ಲೇ ನಿಂತಿತು. "ಈ ಕಡೆ ಇರೋರನ್ನ, ಆ ಕಡೆ ಇರೋರನ್ನ ಕೈಬಿಡಬೇಡ" ಎಂದಿತು ಆ ದನಿ. ಇಲ್ಲಿಗೆ ಮುಗಿಯಬೇಕು. ಮುಗಿಯಲಿಲ್ಲ. ಇನ್ನೊಂದು ಟಕ್. "ಒಳಗೆ ಮಲಗಿರೋಳು ಹೆದರದೆ ಇರಲಿ. ಆಮೆನ್."

ಫೋನು ಕೆಳಗಿಳಿಯಿತು. ಫೋನಕ್ಕ ಮೇಜಿನ ಮೇಲೆ ತಲೆಯಿಟ್ಟಳು. ಬಾಯಿಂದ ಆಮೆನ್ ಎಂಬುದೊಂದೇ ಬಂತು, ಅದೂ ಅವಳಿಗೇ ಕೇಳಿಸಿತೋ ಇಲ್ಲವೋ. ಹೆದರಿಕೆ ಹೋಗಿರಲಿಲ್ಲ. ಆದರೆ ಕಿವಿಯಲ್ಲಿ ಉಳಿದ ಮೌನ ಬೇರೆಯಾಗಿತ್ತು. ಅದು ಕತ್ತರಿಸಿಹೋದ ಮೌನವಲ್ಲ.

ಐದಕ್ಕೆ ಇನ್ನೂ ಎಂಟು ನಿಮಿಷವಿದ್ದಾಗ ಹನ್ನೆರಡನೆಯ ದೀಪ ಹೊತ್ತಿತು. ಗಂಟು ಪೂರ್ತಿ ಹೊರಗೆ ಬಂದಿದೆ, ನಡುವೆ ರಕ್ತ ನಿಲ್ಲದೆ ಸ್ವಲ್ಪ ಕಷ್ಟವಾಯಿತು, ಎಚ್ಚರವಾಗಲು ಇನ್ನೂ ಹೊತ್ತು ಬೇಕು ಎಂದರು ಡಾಕ್ಟರು. ನಂತರದ ಚಿಕಿತ್ಸೆಯ ವಿಷಯ ಆಮೇಲೆ ಮಾತಾಡೋಣ ಎಂದರು. ತನ್ನ ದನಿ ಎಷ್ಟು ಸರಳವಾಗಿ "ಸರಿ ಸರ್" ಎಂದಿತೆಂದು ಅವಳಿಗೇ ಆಶ್ಚರ್ಯವಾಯಿತು.

ತಂಗಿ ಕಣ್ಣು ಬಿಟ್ಟು ನೀರು ಕೇಳಿದ ದಿನ ಸಂಜೆ ಫೋನಕ್ಕ ಆ ನಂಬರಿಗೆ ಕರೆ ಮಾಡಿದಳು. ಅಷ್ಟು ದಿನ ಯಾರೂ ಸಂಜೆಯ ಹೊತ್ತು ಮಾಡಿ ನೋಡಿರಲೇ ಇಲ್ಲ. ಎರಡನೆಯ ರಿಂಗಿಗೇ ಒಬ್ಬ ಹುಡುಗಿ ಎತ್ತಿಕೊಂಡಳು. ಆಸ್ಪತ್ರೆಯಿಂದ ಎಂದೊಡನೆ, ಅಪ್ಪನ ಮಾತ್ರೆಯ ವಿಷಯವೇ ಎಂದು ಕೇಳಿದಳು. ಫೋನಕ್ಕ ಇದ್ದದ್ದನ್ನು ಹೇಳಿದಳು. ಹುಡುಗಿ ಮೆಲ್ಲಗೆ ಹೇಳಿದಳು. "ಅಕ್ಕ, ನಮ್ಮಪ್ಪ ಮಾತಾಡಲ್ಲ. ನಾಲ್ಕು ತಿಂಗಳಾಯ್ತು. ನೀವು ಬೇರೆ ಯಾರನ್ನೋ ಹೇಳ್ತಿರಬೇಕು."

ಭಾನುವಾರ ಆರಾಧನೆ ಮುಗಿಸಿ ಫೋನಕ್ಕ ಅವರ ಮನೆಗೆ ಹೋದಳು. ಮೂರನೆಯ ಮಹಡಿ, ಇಕ್ಕಟ್ಟಾದ ಮೆಟ್ಟಿಲು. ಬಾಗಿಲು ತೆರೆದ ಮಗಳಿಗೆ ಇಪ್ಪತ್ತೈದಿರಬಹುದು, ಕನ್ನಡಕದಂಗಡಿಯಲ್ಲಿ ಕೆಲಸ, ಭಾನುವಾರವೂ ಮಧ್ಯಾಹ್ನ ಹೋಗಬೇಕು. ಒಳಗೆ ಬಿಟ್ಟುಕೊಳ್ಳುವ ಮೊದಲೇ, ಹೊಸ್ತಿಲಲ್ಲಿ ನಿಂತು, ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. ಅಪ್ಪ ಸಂತೆಯಲ್ಲಿ ಹರಾಜು ಕೂಗುವವರು, ಅವರು ಕೂಗಿದರೆ ಮೂರು ಬೀದಿಯಾಚೆ ಕೇಳುತ್ತಿತ್ತು. ಒಂದು ಬೆಳಿಗ್ಗೆ ಕೂಗುತ್ತಾ ಕೂಗುತ್ತಾ ಲಕ್ವ ಹೊಡೆದು ಬಿದ್ದರು. ಬಲಗೈ ಹೋಯಿತು, ಮಾತು ಪೂರ್ತಿ ಹೋಯಿತು. ಬೆರಳಿಂದ ತಾಳ ಹಾಕಿ ಶಬ್ದ ಹೇಳಿಸಿ ಎಂದು ಆಸ್ಪತ್ರೆಯವರು ಕಲಿಸಿಕೊಟ್ಟಿದ್ದರು. ಅವಳು ಎರಡು ತಿಂಗಳು ಹೇಳಿಸಿ, ಒಂದಕ್ಷರವೂ ಬರದೆ, ಬಿಟ್ಟುಬಿಟ್ಟಳು. ತಾನು ಅಂಗಡಿಯಲ್ಲಿರುವಾಗ ಬೇಕಾದೀತೆಂದು ಅಪ್ಪನ ಪಕ್ಕದ ಫೋನಿನ ಒಂದು ಗುಂಡಿಗೆ ಆಸ್ಪತ್ರೆಯ ನಂಬರು ಹಾಕಿಟ್ಟಿದ್ದಳು.

"ಒಂದಿನ ಬೇಗ ಮನೆಗೆ ಬಂದಿದ್ದೆ" ಎಂದಳು. "ಅಪ್ಪನ ರೂಮಿಂದ ಯಾರೋ ಹೆಂಗಸು ಮಾತಾಡಿದ ಹಾಗೆ ಕೇಳಿಸ್ತು. ಬಾಗಿಲು ತೆಗೆದ್ರೆ ಅಪ್ಪ ಒಬ್ರೇ. ನಾನು ಅವತ್ತಿಂದ ಈ ಮನೇಲಿ ಒಬ್ಬಳೇ ಇರೋಕೆ ಹೆದರ್ತಿದ್ದೀನಿ ಅಕ್ಕ. ನಮ್ಮಲ್ಲಿ ಯಾರೂ ಪ್ರಾರ್ಥನೆ ಗೀರ್ಥನೆ ಮಾಡಿದೋರಲ್ಲ."

ಅಪ್ಪ ಕಿಟಕಿಯ ಬಳಿ ಮರದ ಕುರ್ಚಿಯಲ್ಲಿ ಕುಳಿತಿದ್ದರು. ಅಗಲವಾದ ಎದೆ, ಒಂದು ಕಡೆಗೆ ಎಳೆದ ಬಾಯಿ. ಹೊರಗೆ ಕರೆದುಕೊಂಡು ಹೋಗಲೆಂದು ಮಗಳು ಆಗಲೇ ಅವರಿಗೆ ಬೂಟು ತೊಡಿಸಿದ್ದಳು. ಹೊಸಬರು ಯಾರೆಂದು ಅವರು ಕಣ್ಣು ಕಿರಿದು ಮಾಡಿ ನೋಡಿದರು. ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ?

"ನಮಸ್ಕಾರ, ಆಸ್ಪತ್ರೆ" ಎಂದಳು ಫೋನಕ್ಕ.

ಅವರ ಮುಖ ಇಡಿಯಾಗಿ ಕದಲಿತು. ಎಡಗೈಯ ತೋರುಬೆರಳು, ದಪ್ಪ ಉಂಗುರದ್ದು, ಕುರ್ಚಿಯ ಕೈಗೆ ಬಡಿಯಿತು. ಟಕ್. ಫೋನಕ್ಕ ಅವರೆದುರು ಸ್ಟೂಲಿನ ಮೇಲೆ ಕೂತು, ಆವತ್ತಿನ ಆ ಕೊನೆಯ ಮಾತು ಎಲ್ಲಿಂದ ಬಂತು, ಒಳಗೆ ಮಲಗಿರುವವಳ ವಿಷಯ ನಿಮಗೆ ಹೇಳಿದವರಾರು ಎಂದು ಕೇಳಿದಳು. ಅವರು ಬಾಯಿ ತೆರೆದರು. ಹಾ, ಹಾ ಎಂದಷ್ಟೇ ಬಂತು. ಹಣೆಯ ನರ ಉಬ್ಬಿತು. ಕೊನೆಗೆ ಎಡಗೈಯನ್ನು ಎತ್ತಿ ಅವಳನ್ನೇ ತೋರಿಸಿದರು. ನೀನೇ, ನೀನೇ ಎಂಬಂತೆ ಎರಡು ಸಲ. ತೊದಲಿದ ಆ ಗುರುವಾರ ತಾನೇ ಹೇಳಿಬಿಟ್ಟಿದ್ದಳೇ? ಫೋನಕ್ಕ ಎಷ್ಟು ಕೆದಕಿದರೂ ಅವಳಿಗೆ ನೆನಪಾಗಲಿಲ್ಲ. ಈಗಲೂ ಆಗಿಲ್ಲ.

ಅವಳು ಕಣ್ಣು ಮುಚ್ಚಿದಳು. ತಾನು ಶುರುಮಾಡಬೇಕೆನ್ನುವಷ್ಟರಲ್ಲಿ ಅವರೇ ಶುರುಮಾಡಿದ್ದರು. ಟಕ್, ಕರ್ತನೇ. ಟಕ್, ಈ ಗಳಿಗೇಲೂ. ದಾರಿ ಗೊತ್ತಿದ್ದವರು ಕತ್ತಲೆಯಲ್ಲಿ ಗೋಡೆ ಮುಟ್ಟಿಕೊಂಡು ನಡೆದಂತೆ ಅವರು ಒಂದೊಂದೇ ಮಾತನ್ನು ಮುಟ್ಟಿ ಮುಂದೆ ಹೋದರು. ಆ ದನಿ ಹಗಲು ಬೆಳಕಿನಲ್ಲೂ, ಎದುರಿಗೇ ಕುಳಿತು ಕೇಳಿದರೂ, ಮೈ ಜುಮ್ಮೆನ್ನಿಸುವಂತೆಯೇ ಇತ್ತು.

ಅವರು ಮುಗಿಸಿದಾಗ ಮಗಳು ಬಾಗಿಲ ಬಳಿ ನಿಂತಲ್ಲೇ ನಿಂತಿದ್ದಳು. ಅವಳು ನಿಧಾನವಾಗಿ ಬಂದು ಅಪ್ಪನ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು, ಮುಖ ಕೆಳಗೆ ಮಾಡಿ, ಸರಿಯಾಗಿಯೇ ಕಟ್ಟಿದ್ದ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು.