ವಾಯಿದೆ ಸಿಕ್ಕಿದ್ದು ಯಾವುದಕ್ಕೆ?

ಎರಡು ಮನೆಗಳ ನಡುವಿನ ಓಣಿಗಾಗಿ ಜಗಳ ಹುಟ್ಟದ ಊರು ಯಾವುದಾದರೂ ಇದ್ದರೆ ಹೇಳಿ. ಈ ಊರಿನಲ್ಲೂ ಅದೇ ಆಯಿತು. ಬಡಗಿಯ ಕೆಲಸದ ಚಪ್ಪರ ಇರುವುದು ಮನೆಯ ಹಿಂದೆ. ಮರದ ದಿಮ್ಮಿ ಒಳಗೆ ಬರಬೇಕಾದರೂ, ಸಿದ್ಧವಾದ ಬಾಗಿಲು ಹೊರಗೆ ಹೋಗಬೇಕಾದರೂ ಪಕ್ಕದ ಓಣಿಯೊಂದೇ ದಾರಿ. ಅವನ ಅಪ್ಪನ ಕಾಲದಿಂದಲೂ ಗಾಡಿ ಅಲ್ಲೇ ಹಾಯುತ್ತಿತ್ತು. ಈಗ ಆಚೆ ಮನೆಯ ಹಿಟ್ಟಿನ ಗಿರಣಿಯವನು ಓಣಿ ಪೂರ್ತಿ ತನ್ನದೆಂದು ಕೋರ್ಟಿಗೆ ಹೋದ. ಅವನು ಗೆದ್ದರೆ ಅಲ್ಲಿ ಗೋಡೆ ಏಳುತ್ತದೆ. ಗೋಡೆ ಎದ್ದರೆ ದಿಮ್ಮಿಯನ್ನು ಅಡುಗೆಮನೆಯೊಳಗಿಂದ ಹೊತ್ತು ತರಲಾದೀತೇ? ಕಸುಬೇ ನಿಂತಂತೆ.

ಬಂದು ಉತ್ತರ ಕೊಡಿ ಎಂದು ಕೋರ್ಟಿನಿಂದ ಸಮನ್ಸ್ ಬಂದಾಗ ಬಡಗಿ ಹೆದರಲಿಲ್ಲ.

"ವಕೀಲ ಯಾಕೆ? ನಮ್ಮ ಓಣಿ ವಿಷಯ ನನಗಿಂತ ಅವನಿಗೆ ಚೆನ್ನಾಗಿ ಗೊತ್ತಾ? ನಾನೇ ಮಾತಾಡ್ತೀನಿ" ಎಂದ.

ಮೊದಲ ದಿನ ಹೋಗಿ ಕೈಕಟ್ಟಿ ನಿಂತ. ಗಡುವಿನೊಳಗೆ ಉತ್ತರ ಬರೆದು ಸಲ್ಲಿಸಬೇಕು ಎಂದರು ನ್ಯಾಯಾಧೀಶರು. ಹೂಂ ಎಂದು ಬಂದ. ಎರಡನೇ ಸಲ ಹೋದಾಗ ನ್ಯಾಯಾಧೀಶರು ರಜೆಯಲ್ಲಿದ್ದರು. ಬಾಗಿಲಲ್ಲಿದ್ದ ಜವಾನ, "ವಾಯಿದೆ ಆಗಿದೆ, ಮುಂದಿನ ತಿಂಗಳು ಬನ್ನಿ" ಎಂದ.

ವಾಯಿದೆ ಎಂಬ ಮಾತು ಬಡಗಿಗೆ ಹೊಸದೇನಲ್ಲ. ಹೇಳಿದ ದಿನಕ್ಕೆ ಮಂಚ ಮುಗಿಯದಿದ್ದರೆ ಅವನೂ ಗಿರಾಕಿಗಳ ಹತ್ತಿರ ವಾಯಿದೆ ಕೇಳುತ್ತಾನೆ. ಅವರು ಒಪ್ಪಿದರೆ ಮಂಚದ ಕಾಲಿಗೂ ವಾಯಿದೆ, ಹಲಗೆಗೂ ವಾಯಿದೆ, ಬಣ್ಣಕ್ಕೂ ವಾಯಿದೆ. ಕೋರ್ಟಿನದೂ ಹಾಗೇ ಅಂದುಕೊಂಡ. ನೆಮ್ಮದಿಯಾಗಿ ಮನೆಗೆ ಬಂದು ಕೆಲಸ ಹಿಡಿದ.

ಮುಂದಿನ ತಾರೀಖಿಗೆ ಇನ್ನೊಂದು ದಿನ ಇದೆ ಎನ್ನುವಾಗ ಅವನ ಅಕ್ಕ ಬಂದಳು. ಅವಳು ಪೇಟೆಯ ಉಚಿತ ಕಾನೂನು ನೆರವು ಕೇಂದ್ರದಲ್ಲಿ ಕೆಲಸಕ್ಕಿದ್ದಾಳೆ. ಬಡಗಿ ಚಪ್ಪರದಲ್ಲಿ ಬಾಗಿಲ ಚೌಕಟ್ಟಿಗೆ ಪಾಲಿಷ್ ಪೇಪರ್ ಉಜ್ಜುತ್ತಿದ್ದ.

"ಏನೋ, ಕೋರ್ಟು ಕಚೇರಿ ಅಂತ ಓಡಾಡ್ತಿದ್ದೀಯಂತೆ? ಬಸ್ಸಿನ ಕಂಡಕ್ಟರಿಗೂ ಗೊತ್ತು, ನನಗೆ ಗೊತ್ತಿಲ್ಲ!"

"ಹೇಳಿದ್ರೆ ಬೈತೀಯ ಅಂತ ಸುಮ್ನಿದ್ದೆ ಅಕ್ಕ."

"ಈಗ ಬಡ್ಡಿ ಸಮೇತ ಬೈತೀನಿ. ಉತ್ತರ ಕೊಟ್ಟೆಯಾ?"

"ನಾಳೆ ತಾರೀಖು ಇದೆಯಲ್ಲ, ಕೊಡ್ತೀನಿ. ಎಲ್ಲಾ ತಲೇಲಿದೆ. ಸಾಹೇಬ್ರ ಮುಂದೆ ನಿಂತು ಒಂದೂ ಬಿಡದೆ ಹೇಳ್ತೀನಿ."

ಅಕ್ಕ ಚಹಾದ ಲೋಟ ಕೆಳಗಿಟ್ಟಳು. "ಬರೆದು ಕೊಟ್ಟೆಯಾ ಅಂತ ಕೇಳಿದ್ದು."

"ಅದಕ್ಕೂ ಸೇರಿಸಿ ವಾಯಿದೆ ಸಿಕ್ಕಿದೆಯಲ್ಲ. ಜವಾನನೇ ಹೇಳಿದ."

"ಅಯ್ಯೋ ಪುಣ್ಯಾತ್ಮ! ಅವನು ಹೇಳಿದ್ದು ಕೋರ್ಟು ಕೂರೋ ದಿನಕ್ಕೆ ಕಣೋ. ಉತ್ತರ ಬರೆದು ಕೊಡೋ ಗಡುವೇ ಬೇರೆ. ಜಡ್ಜ್ ರಜೆ ಹಾಕಿದ್ರು ಅಂತ ಅದು ರಜೆ ಹಾಕಲ್ಲ."

ಬಾಗಿಲಲ್ಲಿ ನಿಂತಿದ್ದ ಬಡಗಿಯ ಹೆಂಡತಿ ಒಳಗೋಡಿ ಸಮನ್ಸ್ ತಂದಳು. "ಗಡುವು ಎಲ್ಲೀತನಕ ಇದೆ ಅತ್ತಿಗೆ?"

ಅಕ್ಕ ಓದಿದಳು. ಮತ್ತೊಮ್ಮೆ ಓದಿದಳು. "ಮುಗಿದುಹೋಗಿದೆ ಕಣೆ."

 ಓಣಿಯಾಚೆ ಗಿರಣಿ ಓಡುತ್ತಲೇ ಇತ್ತು.

"ಸತ್ಯ ನಮ್ಮ ಕಡೆ ಇದೆ" ಎಂದ ಬಡಗಿ. ದನಿ ಮೊದಲಿನಂತಿರಲಿಲ್ಲ. "ಒಂದು ಕಾಗದ ತಡ ಆದ್ರೆ ಓಣಿ ಅವನದಾಗಿಬಿಡುತ್ತಾ?"

"ನಿನ್ನ ಸತ್ಯ ಕೋರ್ಟಿಗೆ ಗೊತ್ತಾಗೋದೇ ಆ ಕಾಗದದಿಂದ. ಅದಿಲ್ಲ ಅಂದ್ರೆ ಅವನು ಹೇಳಿದ್ದನ್ನೇ ನೋಡಿ ತೀರ್ಪು ಕೊಡಬಹುದು."

"ಇವರು ಊರಲ್ಲಿ ಎಲ್ಲರ ಬಾಯಿ ಮುಚ್ಚಿಸ್ತಾರೆ, ಕೋರ್ಟಲ್ಲಿ ಮೂಕರಾಗಿ ಕೂತ್ರು" ಎಂದಳು ಹೆಂಡತಿ. ನಗಲು ಹೋದವಳ ಕಣ್ಣು ತುಂಬಿತು. "ಏನಾದ್ರೂ ದಾರಿ ಇದೆಯಾ ಅತ್ತಿಗೆ?"

"ಇದೆ. ಅವಕಾಶ ಸಿಕ್ಕೇ ಸಿಗುತ್ತೆ ಅಂತ ಹೇಳಲಾರೆ. ಉತ್ತರದ ಜೊತೆಗೆ, ತಡ ಯಾಕಾಯ್ತು ಅಂತ ಇನ್ನೊಂದು ಅರ್ಜಿ ಕೊಡಬೇಕು. ಒಪ್ಪೋದು ಬಿಡೋದು ಕೋರ್ಟಿಗೆ ಬಿಟ್ಟಿದ್ದು."

"ಜ್ವರ ಬಂದಿತ್ತು ಅಂತ ಬರೆಯೋಣ" ಎಂದ ಬಡಗಿ.

"ಡಾಕ್ಟರ ಚೀಟಿ ತೋರಿಸು ಅಂದ್ರೆ ನಿಜವಾಗ್ಲೂ ಜ್ವರ ಬರುತ್ತೆ ನಿನಗೆ. ಆದದ್ದು ಆದ ಹಾಗೇ ಬರಿ."

ಆ ಸಂಜೆಯೇ ಬಡಗಿ ಬರೆದ ಉತ್ತರ, ಅರ್ಜಿ ಎರಡನ್ನೂ ನೆರವು ಕೇಂದ್ರದ ವಕೀಲರು ತಿದ್ದಿಕೊಟ್ಟರು. ಮರುದಿನ ಕೋರ್ಟಿನ ಬಾಗಿಲು ತೆರೆಯುವಾಗಲೇ ಮೂವರೂ ಅಲ್ಲಿದ್ದರು. ಕಾಗದಗಳನ್ನು ಸಲ್ಲಿಸಿ ಬೆಂಚಿನ ಮೇಲೆ ಕೂತರು. ಬಡಗಿಗಿಂತ ಮೊದಲು ಒಬ್ಬ ಹೆಂಗಸನ್ನು ಕರೆದರು. ಅವಳದೂ ತಡವಾದದ್ದೇ. ಎರಡು ಸಲ ಅವಕಾಶ ಕೊಟ್ಟರೂ ಅವಳು ಉತ್ತರ ಕೊಟ್ಟಿರಲಿಲ್ಲವಂತೆ. ಅರ್ಜಿ ವಜಾ ಆಯಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಇವರ ಮುಂದೆಯೇ ಹೊರಗೆ ಹೋದಳು. ಬಡಗಿಯ ಹೆಂಡತಿ ಅತ್ತಿಗೆಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಬಡಗಿಯ ಸರದಿ ಬಂತು. ಗಿರಣಿಯವನ ವಕೀಲರು ಎದ್ದು, "ಗಡುವು ಮೀರಿದೆ, ಒಪ್ಪಬಾರದು ಸ್ವಾಮಿ" ಎಂದರು.

"ತಡ ಯಾಕೆ?" ಎಂದರು ನ್ಯಾಯಾಧೀಶರು.

ಬಡಗಿ ಕಟಕಟೆಯ ಅಂಚು ಹಿಡಿದ. ತಲೆಯಲ್ಲಿದ್ದುದೆಲ್ಲ ಎಲ್ಲಿ ಹೋಯಿತೋ. "ವಾಯಿದೆ ಅಂದ್ರು ಸ್ವಾಮಿ. ಮಂಚಕ್ಕೆ ವಾಯಿದೆ ಅಂದ್ರೆ ಎಲ್ಲಾದಕ್ಕೂ ವಾಯಿದೆ. ಇದೂ ಹಾಗೇ ಅಂದ್ಕೊಂಡೆ. ತಪ್ಪಾಯ್ತು."

ಹಿಂದೆ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ನಗಲಿಲ್ಲ. ಅರ್ಜಿಯ ಹಾಳೆ ತಿರುವಿದರು, ಹಿಂದಿನ ತಾರೀಖುಗಳನ್ನು ನೋಡಿದರು, ಏನೋ ಬರೆದರು. ಬರೆಯುವಷ್ಟು ಹೊತ್ತೂ ಬಡಗಿ ಕಟಕಟೆಯ ಅಂಚು ಹಿಡಿದೇ ನಿಂತಿದ್ದ.

"ಇದೊಂದು ಸಲ ಒಪ್ಪಿದ್ದೇನೆ. ಎದುರಿನವರಿಗೆ ಆದ ಖರ್ಚನ್ನು ನೀವೇ ಕಟ್ಟಬೇಕು. ಇನ್ನೊಮ್ಮೆ ಹೀಗಾದರೆ ಕೇಳುವುದಿಲ್ಲ."

ಓಣಿ ಇನ್ನೂ ಯಾರದ್ದೆಂದು ತೀರ್ಮಾನವಾಗಿಲ್ಲ. ಆದರೆ ಬಡಗಿಯ ಮಾತೂ ಈಗ ಕೋರ್ಟಿನ ಮುಂದಿದೆ. ಹೊರಗೆ ಬಂದವನು ಮನೆಯ ಕಡೆ ತಿರುಗಲಿಲ್ಲ. ನೇರ ಕಚೇರಿಯ ಕಿಟಕಿಗೆ ಹೋದ.

"ಮುಂದಿನ ತಾರೀಖು ಬರೆದುಕೊಂಡೆ ಸಾರ್. ಅದಕ್ಕೆ ಮುಂಚೆ ನಾನು ಏನಾದ್ರೂ ಕೊಡೋದಿದೆಯಾ? ಯಾವತ್ತಿನೊಳಗೆ?"

ಗುಮಾಸ್ತ ತಲೆಯೆತ್ತಿ ನೋಡಿದ. "ಇದೆ. ನಿಮ್ಮ ಹತ್ತಿರ ಇರೋ ದಾಖಲೆಗಳು. ತಾರೀಖಿಗಿಂತ ಒಂದು ವಾರ ಮೊದಲೇ."

"ಕೇಳದಿದ್ದರೆ ಮತ್ತೆ ಮುಳುಗ್ತಿದ್ವಿ" ಎಂದಳು ಹೆಂಡತಿ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೇಸನ್ನು ನೀವೇ ನಡೆಸಬಹುದು, ಅದು ನಿಮ್ಮ ಹಕ್ಕು. ಆದರೆ ಕೋರ್ಟಿಗೆ ಹಾಜರಾಗುವ ದಿನ ಬೇರೆ, ಕಾಗದ ಸಲ್ಲಿಸುವ ಕೊನೆಯ ದಿನ ಬೇರೆ. ಒಂದು ಮುಂದಕ್ಕೆ ಹೋಯಿತೆಂದು ಇನ್ನೊಂದು ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಬಾಗಿಲಲ್ಲಿ ಕೇಳಿದ ಮಾತನ್ನು ನಂಬಿ ಕೂರಬೇಡಿ. ಕಚೇರಿಯ ಕಿಟಕಿಯಲ್ಲಿ ವಿಚಾರಿಸಿ, ಇಲ್ಲವೇ ಹತ್ತಿರದ ಕಾನೂನು ನೆರವು ಕೇಂದ್ರಕ್ಕೆ ಹೋಗಿ. ಗಡುವು ಈಗಾಗಲೇ ಮೀರಿದ್ದರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ, ಇವತ್ತೇ ಹೊರಡಿ. ನಾಳೆ ಹೋದರೆ ತಡ ಇನ್ನೊಂದು ದಿನ ಬೆಳೆದಿರುತ್ತದೆ.