ಡಬ್ಬದೊಳಗಿನ ಬೂಟು

ನನ್ನ ಗಂಡ ಜಿಪುಣಾಗ್ರೇಸರ. ಹೊಸ ಬೂಟನ್ನು ಹನ್ನೊಂದು ವರ್ಷ ಡಬ್ಬದಿಂದ ಹೊರಗೆ ತೆಗೆಯಲಿಲ್ಲ. ಸಮುದ್ರ ನೋಡೋಣ ಎಂದು ನಾನು ಬಾಯಿಬಿಟ್ಟಾಗಲೆಲ್ಲ ಅವರದು ಒಂದೇ ರಾಗ: "ರಿಟೈರ್ ಆಗ್ಲಿ ಇರೇ, ಈಗ ದುಡ್ಡು ಕೂಡಿಡೋಣ."

ನಿನ್ನೆ ರಿಟೈರಾದರು. ಬೀಳ್ಕೊಡುಗೆಗೆಂದು ಆ ಬೂಟು ಮೆಟ್ಟಿ ವೇದಿಕೆ ಹತ್ತುವಾಗ ಅದರ ಅಟ್ಟೆ ಪುಡಿಪುಡಿಯಾಗಿ ಉದುರಿತು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ಇವತ್ತು ಬೂಟು ರಿಪೇರಿಯವನು ಹೇಳಿದ: "ಹಾಕದೆ ಇಟ್ಟಿದ್ದಕ್ಕೇ ಹೀಗಾಗಿದೆ ಸಾರ್. ದಿನಾ ಮೆಟ್ಟಿದ್ರೆ ಇನ್ನೂ ಬಾಳಿಕೆ ಬರ್ತಿತ್ತು."

ಗಂಡ ಡಬ್ಬದ ಧೂಳು ಒರೆಸುತ್ತಿದ್ದರು. "ಡಬ್ಬ ಗಟ್ಟಿಯಾಗಿದೆ ಕಣೇ. ಏನಕ್ಕಾದ್ರೂ ಬರುತ್ತೆ, ಇರ್ಲಿ."

"ಇಟ್ಕೊಳ್ರೀ," ಎಂದೆ. "ನನ್ನನ್ನ ಮಾತ್ರ ಅದರೊಳಗೆ ಇಡ್ಬೇಡಿ. ನಾಳೆ ಬೆಳಗ್ಗೆ ಸಮುದ್ರದ ಕಡೆ ಬಸ್ಸಿದೆ. ಒಂದೇ ಟಿಕೆಟ್ ತಗೊಂಡಿದ್ದೀನಿ."